ಭಾನುವಾರದ ಬಲಿಪೂಜೆಯನ್ನು ಸಿದ್ಧಪಡಿಸಿದವರು

"ನಾಳಿನ ಪೂಜೆಗೆ ಯಾವ ಹಾಡು, ಸ್ವಾಮಿ?" ಎಂಬ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಶನಿವಾರ ಸಂಜೆ. ಮೊದಲ ವಾಚನವನ್ನು ಯಾರು ಓದಬೇಕೆಂಬುದು ಭಾನುವಾರ ಎರಡನೆಯ ಗಂಟೆ ಬಾರಿಸಿದ ಮೇಲೆ, ದೇವಾಲಯದ ಬಾಗಿಲಲ್ಲಿ ಕೈಗೆ ಸಿಕ್ಕವರನ್ನು ಹಿಡಿದು ನಿರ್ಧಾರವಾಗುವುದೂ ಉಂಟು. ವಿಶ್ವಾಸಿಗಳ ಪ್ರಾರ್ಥನೆಯಂತೂ ಅಚ್ಚಾದ ಪುಸ್ತಕದಿಂದ ಹಾಗೆಯೇ ಇಳಿದುಬರುತ್ತದೆ. ಇದರಲ್ಲಿ ತಪ್ಪು ಯಾರದೆಂದು ಹುಡುಕುವುದು ಈ ಲೇಖನದ ಉದ್ದೇಶವಲ್ಲ. ವಾರಕ್ಕೊಮ್ಮೆ ನಾವು ಒಟ್ಟುಗೂಡಿ ಅರ್ಪಿಸುವ ಆರಾಧನೆಯನ್ನು ಯಾರು ಸಿದ್ಧಪಡಿಸಬೇಕು, ಅದರಲ್ಲಿ ಸಭೆಯ ಪಾಲು ಎಷ್ಟು ಎಂಬ ಪ್ರಶ್ನೆ ಧರ್ಮಸಭೆಯಷ್ಟೇ ಹಳೆಯದು. ಅದಕ್ಕೆ ಚರಿತ್ರೆ ಕೊಡುವ ಉತ್ತರ ಮಾತ್ರ ಸ್ವಲ್ಪ ಅಚ್ಚರಿಯದು. ಆರಂಭದಲ್ಲಿ ಜನರ ಕೈಯಲ್ಲಿದ್ದುದು ಕ್ರಮೇಣ ಅವರ ಕೈಬಿಟ್ಟು ಹೋಯಿತು. ಸಾವಿರ ವರ್ಷಗಳಿಗೂ ಮೀರಿದ ಕಾಲದ ನಂತರ, ನಮ್ಮ ಹಿರಿಯರು ಕಣ್ಣಾರೆ ಕಂಡ ದಿನಗಳಲ್ಲಿ, ಮರಳಿ ಬಂದಿತು.

ಸುಮಾರು 112ನೆಯ ಇಸವಿಯಲ್ಲಿ ಏಷ್ಯಾ ಮೈನರಿನ ಬಿಥೂನಿಯ ಪ್ರಾಂತ್ಯದ ರಾಜ್ಯಪಾಲ ಪ್ಲಿನಿ ಎಂಬಾತ ಸಾಮ್ರಾಟ ತ್ರಾಯಾನನಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ಕ್ರೈಸ್ತರು ಗೊತ್ತುಪಡಿಸಿದ ಒಂದು ದಿನ ನಸುಕಿನಲ್ಲಿ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂದು ಭಾವಿಸಿ ಸ್ತುತಿ ಹಾಡುತ್ತಾರೆ, ಬಳಿಕ ಚದುರಿ ಮತ್ತೆ ಊಟಕ್ಕಾಗಿ ಸೇರುತ್ತಾರೆ ಎಂಬುದು ಆತ ವಿಚಾರಣೆಯಿಂದ ತಿಳಿದುಕೊಂಡ ಸಂಗತಿ. ನಸುಕಿನಲ್ಲೇಕೆ? ಅಂದು ಭಾನುವಾರ ರಜಾದಿನವಾಗಿರಲಿಲ್ಲ. ಕೂಲಿಯವರು, ದಾಸರು, ಅಂಗಡಿಯವರು ಬೆಳಗಾದೊಡನೆ ಕೆಲಸಕ್ಕೆ ಹೋಗಲೇಬೇಕಿತ್ತು. ನಿದ್ದೆಯನ್ನು ಬಿಟ್ಟು ಬಂದವರ ಸಭೆ ಅದು. ಸಾಮ್ರಾಟ ಕಾನ್‌ಸ್ಟಂಟೈನನು ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಶಾಸನ ಮಾಡಿದ್ದು 321ರಲ್ಲಿ; ಅಂದರೆ ಸುಮಾರು ಮುನ್ನೂರು ವರ್ಷ ಕ್ರೈಸ್ತರು ರಜೆಯಿಲ್ಲದ ಭಾನುವಾರವನ್ನೇ ಪ್ರಭುವಿನ ದಿನವನ್ನಾಗಿ ಆಚರಿಸಿದರು.

ಆ ಸಭೆಯೊಳಗೆ ಏನು ನಡೆಯುತ್ತಿತ್ತು ಎಂಬುದನ್ನು ಒಳಗಿನವರೊಬ್ಬರೇ ನಮಗೆ ಬಿಡಿಸಿ ಹೇಳಿದ್ದಾರೆ. ಸಂತ ಜಸ್ಟಿನರು ಸಮಾರಿಯ ಸೀಮೆಯ ಫ್ಲಾವಿಯಾ ನೆಯಾಪೊಲಿಸ್‌ನಲ್ಲಿ, ಅಂದರೆ ಇಂದಿನ ನಾಬ್ಲುಸ್‌ನಲ್ಲಿ, ಹುಟ್ಟಿದವರು, ತತ್ವಶಾಸ್ತ್ರಗಳನ್ನೆಲ್ಲ ಜಾಲಾಡಿ ಕೊನೆಗೆ ಕ್ರಿಸ್ತನಲ್ಲಿ ಸತ್ಯವನ್ನು ಕಂಡವರು, ಯಾಜಕರಲ್ಲ, ಶ್ರೀಸಾಮಾನ್ಯರು. ರೋಮಿನಲ್ಲಿ ಬೋಧಕರಾಗಿದ್ದ ಅವರು ಸುಮಾರು 155ರಲ್ಲಿ ಸಾಮ್ರಾಟ ಅಂತೊನಿನುಸ್ ಪಿಯುಸನಿಗೆ ಕ್ರೈಸ್ತರ ಪರವಾಗಿ ಒಂದು ವಿಜ್ಞಾಪನೆಯನ್ನು ಬರೆದರು. ಅದರ ಕೊನೆಯಲ್ಲಿ ಭಾನುವಾರದ ಆರಾಧನೆಯ ವಿವರವಿದೆ. ಪಟ್ಟಣದವರೂ ಹಳ್ಳಿಯವರೂ ಒಂದೇ ಕಡೆ ಕೂಡುತ್ತಾರೆ. ಪ್ರೇಷಿತರ ಸ್ಮೃತಿಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿರುವಷ್ಟು ಕಾಲ ಓದಲಾಗುತ್ತದೆ. ಓದುವವನು ಮುಗಿಸಿದ ಮೇಲೆ ಅಧ್ಯಕ್ಷತೆ ವಹಿಸಿದವರು ಆ ಒಳ್ಳೆಯ ಮಾತುಗಳನ್ನು ಬಾಳಿನಲ್ಲಿ ಅನುಸರಿಸುವಂತೆ ಸಭೆಯನ್ನು ಪ್ರಬೋಧಿಸುತ್ತಾರೆ. ಎಲ್ಲರೂ ಎದ್ದು ನಿಂತು ಸಾಮೂಹಿಕವಾಗಿ ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರನ್ನು ತರಲಾಗುತ್ತದೆ. ಅಧ್ಯಕ್ಷರು ತಮಗೆ ಸಾಧ್ಯವಾದ ಮಟ್ಟಿಗೆ ಸ್ತುತಿಯನ್ನೂ ಕೃತಜ್ಞತೆಯನ್ನೂ ಸಲ್ಲಿಸುತ್ತಾರೆ. ಜನರು ಆಮೆನ್ ಎಂದು ಸಮ್ಮತಿಸುತ್ತಾರೆ. ಪರಮ ಪ್ರಸಾದವನ್ನು ಎಲ್ಲರೂ ಸ್ವೀಕರಿಸುತ್ತಾರೆ. ಬಾರದವರಿಗೆ ಧರ್ಮಸೇವಕರು ಮನೆಗೆ ಒಯ್ಯುತ್ತಾರೆ. ಉಳ್ಳವರು ತಮ್ಮ ಇಚ್ಛೆಯಂತೆ ಕೊಟ್ಟುದು ಅಧ್ಯಕ್ಷರ ಬಳಿ ಸಂಗ್ರಹವಾಗಿ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ಪರಸ್ಥಳದ ಅತಿಥಿಗಳಿಗೂ ಸಲ್ಲುತ್ತದೆ.

ಪ್ರಿಯ ಓದುಗರೇ, ಈ ಪಟ್ಟಿಯನ್ನು ಇನ್ನೊಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿ. ವಾಚನ, ಪ್ರಬೋಧನೆ, ವಿಶ್ವಾಸಿಗಳ ಪ್ರಾರ್ಥನೆ, ಕಾಣಿಕೆ, ಕೃತಜ್ಞತಾ ಪ್ರಾರ್ಥನೆ, ಪ್ರಸಾದ ಸ್ವೀಕಾರ. ಇಂದು ಯಾವುದೇ ಊರಿನ ದೇವಾಲಯಕ್ಕೆ ಹೋದರೂ ನೀವು ಕಾಣುವ ಕ್ರಮ ಇದೇ. ನನ್ನನ್ನು ಹೆಚ್ಚು ಸೆಳೆಯುವುದು ಈ ಹೋಲಿಕೆಗಿಂತ, ಅಲ್ಲಿ ಪ್ರತಿಯೊಂದು ಕಾರ್ಯಕ್ಕೂ ಬೇರೆ ಬೇರೆಯವರು ನಿಯುಕ್ತರಾಗಿದ್ದರು ಎಂಬುದು. ಓದುವವನು ಒಬ್ಬ, ಪ್ರಬೋಧಿಸುವವರು ಇನ್ನೊಬ್ಬರು, ಪ್ರಸಾದವನ್ನು ಒಯ್ಯುವವರು ಮತ್ತೆ ಬೇರೆ, ಪ್ರಾರ್ಥಿಸುವವರು ಎಲ್ಲರೂ. ಬಾರದಿದ್ದವರು ಯಾರೆಂಬುದು ಸಭೆಗೆ ಗೊತ್ತಿತ್ತು. ಗೊತ್ತಿಲ್ಲದೆ ಪ್ರಸಾದವನ್ನು ಯಾರ ಮನೆಗೆಂದು ಒಯ್ಯುವುದು? ಜಸ್ಟಿನರು ಸುಮಾರು 165ರಲ್ಲಿ ತಮ್ಮ ಶಿಷ್ಯರೊಡನೆ ರೋಮಿನಲ್ಲೇ ರಕ್ತಸಾಕ್ಷಿಯಾದರು.

ಅಂಥ ಸಭೆಗೆ ದೇವಾಲಯವೆಂಬ ಪ್ರತ್ಯೇಕ ಕಟ್ಟಡ ಬೇಕಿರಲಿಲ್ಲ. ಸಿರಿಯಾದ ದೂರಾ ಯುರೋಪೋಸ್ ಎಂಬಲ್ಲಿ ಕಳೆದ ಶತಮಾನದಲ್ಲಿ ಉತ್ಖನನವಾದಾಗ ಮೂರನೆಯ ಶತಮಾನದ ಒಂದು ಮನೆ ಬೆಳಕಿಗೆ ಬಂತು. ಸಾಧಾರಣ ಮನೆ, ನಡುವಿನ ಒಂದು ಗೋಡೆಯನ್ನು ತೆಗೆದು ಎರಡು ಕೋಣೆಗಳನ್ನು ಒಂದಾಗಿಸಿ ಸಭಾಂಗಣ ಮಾಡಿಕೊಂಡಿದ್ದಾರೆ, ಇನ್ನೊಂದು ಕೋಣೆಯನ್ನು ಜ್ಞಾನಸ್ನಾನಕ್ಕೆ ಮೀಸಲಿಟ್ಟು ಗೋಡೆಗಳ ಮೇಲೆ ಒಳ್ಳೆಯ ಕುರುಬನನ್ನು ಚಿತ್ರಿಸಿದ್ದಾರೆ. ಆದರೆ ಮನೆಯಲ್ಲಿ ಕೂಡುವುದೂ ಎಲ್ಲ ಕಾಲದಲ್ಲೂ ಸುರಕ್ಷಿತವಾಗಿರಲಿಲ್ಲ. 304ರಲ್ಲಿ, ಸಾಮ್ರಾಟ ದಿಯೊಕ್ಲೆತಿಯನನ ಹಿಂಸೆಯ ದಿನಗಳಲ್ಲಿ, ಉತ್ತರ ಆಫ್ರಿಕದ ಅಬಿತಿನ ಎಂಬ ಊರಿನ 49 ಮಂದಿ ಭಾನುವಾರದ ಬಲಿಪೂಜೆಗೆ ಮನೆಯೊಂದರಲ್ಲಿ ಸೇರಿದ್ದಾಗ ಸೆರೆಯಾದರು. ಕಾರ್ಥೇಜಿನಲ್ಲಿ ವಿಚಾರಣೆ ನಡೆಯಿತು. ರಾಜಾಜ್ಞೆಯನ್ನು ಮೀರಿ ಇವರನ್ನು ಮನೆಯೊಳಗೆ ಸೇರಿಸಿದ್ದೇಕೆ ಎಂದು ಕೇಳಿದಾಗ ಎಮೆರಿತುಸ್ ಎಂಬಾತ, ಪ್ರಭುವಿನ ದಿನದ ಆ ಕೂಟವಿಲ್ಲದೆ ತಾವು ಬದುಕಲಾರೆವೆಂದು ಉತ್ತರಿಸಿದ. ಅವರು ಪೂಜೆಗೆ ಹೋದದ್ದು ಕಟ್ಟಳೆ ಇದ್ದುದರಿಂದಲ್ಲ. ಕಟ್ಟಳೆ ಇದ್ದುದು ಹೋಗಬಾರದೆಂದು.

ನಾಲ್ಕನೆಯ ಶತಮಾನದಲ್ಲಿ ಧರ್ಮಸಭೆಗೆ ಸ್ವಾತಂತ್ರ್ಯ ಸಿಕ್ಕಿತು, ಮನೆಯಂಗಳದ ಸಭೆ ಮಹಾಮಂದಿರಗಳಿಗೆ ಸ್ಥಳಾಂತರವಾಯಿತು. ಜನ ಸಾವಿರಗಟ್ಟಲೆ ಬಂದರು. ಅವರೆಲ್ಲರಿಗೂ ಅರ್ಥವಾಗುವಂತೆ ಆರಾಧಿಸುವುದು ಹೇಗೆ? ರೋಮಿನಲ್ಲಿ ಮೊದಲಿನಿಂದ ಪೂಜೆಯ ಭಾಷೆ ಗ್ರೀಕ್ ಆಗಿತ್ತು. ಜನರ ಆಡುನುಡಿ ಲತೀನ್ ಆದ ಮೇಲೆ ಪೂಜೆಯೂ ಲತೀನಿಗೆ ತಿರುಗಿತು. ಜಗದ್ಗುರು ದಾಮಸುಸರ ಕಾಲಕ್ಕೆ (366-384) ಆ ಬದಲಾವಣೆ ನೆಲೆಗೊಂಡಿತೆನ್ನಬಹುದು. ಲತೀನನ್ನು ದೇವಭಾಷೆಯೆಂದು ಭಾವಿಸುವವರು ಅದು ಬೀದಿಯ ಮಾತಾಗಿದ್ದ ಕಾರಣದಿಂದಲೇ ಬಲಿಪೀಠವನ್ನು ಏರಿತು ಎಂಬುದನ್ನು ಮರೆಯಬಾರದು.

ಇದೇ ಶತಮಾನದ ಇನ್ನೊಂದು ಚಿತ್ರ ನಮ್ಮ ಬೆಂಗಳೂರಿನವರಿಗೆ ಪ್ರಿಯವಾಗಬೇಕು. 380ರ ದಶಕದಲ್ಲಿ ಎಜೇರಿಯ ಎಂಬ ಮಹಿಳೆ ಪಶ್ಚಿಮದಿಂದ ಜೆರುಸಲೇಮಿಗೆ ಯಾತ್ರೆ ಹೋಗಿ, ಅಲ್ಲಿನ ಆರಾಧನೆಗಳನ್ನು ಊರಿನ ತನ್ನ ಸಹೋದರಿಯರಿಗೆ ವಿವರವಾಗಿ ಬರೆದಳು. ಆ ಹಸ್ತಪ್ರತಿ ಇಟಲಿಯ ಅರೆಝ್ಝೊದಲ್ಲಿ 1884ರಲ್ಲಿ ಪತ್ತೆಯಾಯಿತು. ಜೆರುಸಲೇಮಿನಲ್ಲಿ ಕೆಲವರಿಗೆ ಗ್ರೀಕ್ ಮಾತ್ರ, ಕೆಲವರಿಗೆ ಸಿರಿಯಕ್ ಮಾತ್ರ, ಇನ್ನು ಕೆಲವರಿಗೆ ಎರಡೂ ತಿಳಿದಿದ್ದವು. ಧರ್ಮಾಧ್ಯಕ್ಷರು ಗ್ರೀಕಿನಲ್ಲೇ ಮಾತಾಡುತ್ತಿದ್ದರು. ಒಬ್ಬ ಯಾಜಕರು ಪಕ್ಕದಲ್ಲಿ ನಿಂತು ಅದನ್ನು ಸಿರಿಯಕ್ ಭಾಷೆಗೆ ತಿರುಗಿಸುತ್ತಿದ್ದರು. ವಾಚನಗಳಿಗೂ ಹಾಗೆಯೇ. ಎರಡೂ ಬಾರದ ಲತೀನ್ ಯಾತ್ರಿಕರು ಬೇಸರಪಡದಿರಲೆಂದು ಅವರಿಗೂ ಅರ್ಥ ಹೇಳುವ ಸಹೋದರ ಸಹೋದರಿಯರು ಇದ್ದರು. ಹದಿನಾರು ಶತಮಾನಗಳ ಹಿಂದೆಯೇ ಒಂದು ನಗರ ತನ್ನ ಬಹುಭಾಷೆಯ ತೊಡಕನ್ನು ಹೀಗೆ ನಿವಾರಿಸಿಕೊಂಡಿತ್ತು. ನಮ್ಮಲ್ಲಿ ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂಬುದೇ ಕಲಹವಾಗಿ ಬೆಳೆದ ದಿನಗಳನ್ನು ಕಂಡ ನಮಗೆ ಎಜೇರಿಯಳ ಪತ್ರ ಓದಲು ತುಸು ಸಂಕೋಚವೂ ಆಗುತ್ತದೆ.

ಹಾಗೆಂದು ಆ ಕಾಲದ ಜನರೆಲ್ಲ ಭಕ್ತಿಯ ಮೂರ್ತಿಗಳೆಂದು ಎಣಿಸಬೇಕಿಲ್ಲ. ಸಂತ ಅಗಸ್ಟೀನರು ಕುಳಿತು ಪ್ರಬೋಧಿಸುವಾಗ ಜನ ನಿಂತು ಕೇಳುತ್ತಿದ್ದರು, ಮೆಚ್ಚಿದಾಗ ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಚಪ್ಪಾಳೆಗಿಂತ ಬದುಕಿನ ಬದಲಾವಣೆ ಬೇಕೆಂದು ಸಂತ ಕ್ರಿಸೊಸ್ತೊಮರು ಗದರಿದ್ದಾರೆ. ಆರನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಸೇರಿಯುಸರದು ಇನ್ನೊಂದು ಪಾಡು. ವಾಚನ ಮುಗಿದೊಡನೆ, ಪ್ರಬೋಧನೆಗೆ ಮುನ್ನವೇ ಜನ ಹೊರಗೆ ಹೋಗಿ ಹರಟುತ್ತಿದ್ದರು. ಅವರನ್ನು ತಡೆಯಲು ಸಂತರು ದೇವಾಲಯದ ಬಾಗಿಲುಗಳನ್ನೇ ಮುಚ್ಚಿಸಿದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಪ್ರಬೋಧನೆಯ ವೇಳೆ ಅಂಗಳದ ಮರದ ಕೆಳಗೆ ನಿಲ್ಲುವ ನಮ್ಮ ಯುವಕರಿಗೆ ಪುರಾತನ ಪರಂಪರೆಯೊಂದರ ಬೆಂಬಲವಿದೆ ಎಂದಾಯಿತು! ಆದರೆ ಸಿಸೇರಿಯುಸರು ಬಾಗಿಲು ಮುಚ್ಚಿಸಿ ಸುಮ್ಮನಿರಲಿಲ್ಲ. ತಮ್ಮ ಭಾಷೆಯನ್ನು ಹಳ್ಳಿಗರಿಗೂ ತಿಳಿಯುವಷ್ಟು ಸರಳಗೊಳಿಸಿದರು. ಹರಟೆಗೆ ಎಡೆಯಿರದಂತೆ ಶ್ರೀಸಾಮಾನ್ಯರಿಗೂ ಕೀರ್ತನೆಗಳನ್ನು ಹಾಡಲು ಕಲಿಸಿದರು.

ಮುಂದಿನ ಶತಮಾನಗಳಲ್ಲಿ ಆದದ್ದನ್ನು ಚುಟುಕಾಗಿ ಹೇಳಬಹುದು. ಆಡುನುಡಿಗಳು ಬದಲಾದವು, ಪೂಜೆಯ ಲತೀನ್ ಬದಲಾಗಲಿಲ್ಲ. ಕೃತಜ್ಞತಾ ಪ್ರಾರ್ಥನೆಯನ್ನು ಯಾಜಕರು ಮೆಲುದನಿಯಲ್ಲಿ ಹೇಳತೊಡಗಿದರು. ಜಸ್ಟಿನರ ಸಭೆಯ ಸಾಮೂಹಿಕ ಪ್ರಾರ್ಥನೆ ರೋಮನ್ ಪೂಜಾವಿಧಿಯಿಂದ ಮರೆಯಾಗಿ ಶುಭ ಶುಕ್ರವಾರದಲ್ಲಿ ಮಾತ್ರ ಉಳಿಯಿತು. ಪರಮ ಪ್ರಸಾದವನ್ನು ಸ್ವೀಕರಿಸುವವರು ಎಷ್ಟು ವಿರಳವಾದರೆಂದರೆ, ವರ್ಷಕ್ಕೊಮ್ಮೆ ಪಾಸ್ಕ ಕಾಲದಲ್ಲಾದರೂ ಸ್ವೀಕರಿಸಲೇಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಬೇಕಾಯಿತು. ಸ್ವೀಕರಿಸಲು ಅಂಜಿದವರು ನೋಡಲು ಹಾತೊರೆದರು. ಗಂಟೆಯ ನಾದದೊಡನೆ ಯಾಜಕರು ಪವಿತ್ರ ರೊಟ್ಟಿಯನ್ನು ಮೇಲೆತ್ತುವ ಕ್ಷಣವೇ ಜನರ ಪಾಲಿನ ಪೂಜೆಯಾಯಿತು. ಈ ಶತಮಾನಗಳನ್ನು ಕತ್ತಲೆಯ ಕಾಲವೆಂದು ತಳ್ಳಿಹಾಕುವ ಮಾತು ನನಗೆ ಒಪ್ಪಿಗೆಯಿಲ್ಲ. ಅಸಿಸಿಯ ಫ್ರಾನ್ಸಿಸರನ್ನೂ ಸಿಯೆನ್ನದ ಕ್ಯಾಥರೀನರನ್ನೂ ಕೊಟ್ಟ ಆರಾಧನೆಯನ್ನು ಬರಡೆನ್ನಲಾಗದು. ಆದರೆ ಪೂಜೆಯನ್ನು ಸಿದ್ಧಪಡಿಸುವ, ನಡೆಸುವ ಹೊಣೆ ಸಂಪೂರ್ಣವಾಗಿ ಬಲಿಪೀಠದ ಒಳಗೆ ಉಳಿದು, ಸಭೆ ಪ್ರೇಕ್ಷಕರಾದದ್ದು ನಿಜ.

ಟ್ರೆಂಟ್ ಮಹಾಸಭೆಯ ಪಿತೃಗಳಿಗೆ ಈ ಕೊರತೆಯ ಅರಿವಿತ್ತು. ಎಲ್ಲೆಡೆ ಆಡುನುಡಿಯಲ್ಲಿ ಪೂಜೆ ನಡೆಸುವುದು ಆ ಸಂದರ್ಭದಲ್ಲಿ ಉಚಿತವಲ್ಲವೆಂದು 1562ರಲ್ಲಿ ತೀರ್ಮಾನಿಸಿದ ಅವರೇ, ಪೂಜೆಯಲ್ಲಿ ಓದಿದ್ದನ್ನು ವಿಶೇಷವಾಗಿ ಭಾನುವಾರ ಮತ್ತು ಹಬ್ಬಗಳಂದು ಜನರಿಗೆ ವಿವರಿಸಿ ಹೇಳಬೇಕೆಂದೂ ಗುರುಗಳಿಗೆ ಆಜ್ಞಾಪಿಸಿದರು. ತೀರ್ಮಾನದ ಮೊದಲ ಭಾಗ ನಾಲ್ಕು ನೂರು ವರ್ಷ ಅಚ್ಚುಕಟ್ಟಾಗಿ ಪಾಲನೆಯಾಯಿತು. 1570ರಲ್ಲಿ ಜಗದ್ಗುರು ಸಂತ ಐದನೆಯ ಪಿಯುಸರು ಪ್ರಕಟಿಸಿದ ಪೂಜಾಗ್ರಂಥ ಲತೀನ್ ಧರ್ಮಸಭೆಯ ಬಹುಭಾಗವನ್ನು ಒಂದೇ ಕ್ರಮಕ್ಕೆ ತಂದಿತು.

ಕನ್ನಡ ನೆಲಕ್ಕೆ ವಿಶ್ವಾಸ ಬಂದದ್ದು ಬಹುಪಾಲು ಈ ಪೂಜಾಗ್ರಂಥದೊಡನೆ. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿಯವರಾಗಲಿ, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಸಂತೈಸಿ 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದುಬುವಾ ಅವರಾಗಲಿ ಬೋಧಿಸಿದ್ದು ಜನರ ಭಾಷೆಗಳಲ್ಲಿ, ಪೂಜೆ ಅರ್ಪಿಸಿದ್ದು ಲತೀನಿನಲ್ಲಿ. ಗುರುಗಳು ಜನರಿಗೆ ಬೆನ್ನಾಗಿ ಬಲಿಪೀಠದತ್ತ ಮುಖಮಾಡಿ ನಿಂತಿರುವಾಗ ಅಜ್ಜಿಯಂದಿರು ಜಪಸರ ಹಿಡಿದಿರುತ್ತಿದ್ದರು. ಬೆಳಗಿನ ಜಪ, ಸಂಜೆಯ ಜಪ, ಹಾಡುಗಳು, ಶಿಲುಬೆಯ ಹಾದಿ ಮಾತ್ರ ತಮ್ಮ ನುಡಿಯಲ್ಲಿ. ಗುರುಗಳು ತಿಂಗಳಿಗೊಮ್ಮೆ ಬರುವ ಹಳ್ಳಿಗಳಲ್ಲಿ ಭಾನುವಾರದ ಸಭೆಯನ್ನು ಕಾಪಾಡಿದವರು ಉಪದೇಶಿಗಳು. ಅವರ ಚರಿತ್ರೆಯನ್ನು ನಾವಿನ್ನೂ ಸರಿಯಾಗಿ ಬರೆದಿಲ್ಲ. ಕಿವಿಗೆ ತಿಳಿಯದ್ದನ್ನು ಕಣ್ಣಿಗೆ ಕಾಣಿಸುವ ಪ್ರಯತ್ನವೂ ನಡೆದಿತ್ತು. 1899ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಸಹೋದರ ಅಂತೋನಿಯೊ ಮೊಸ್ಕೇನಿಯವರು ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆ, ಮಾಳಿಗೆಗಳನ್ನೆಲ್ಲ ತುಂಬಿದ ಚಿತ್ರಗಳ ಎದುರು ನಿಂತವರಿಗೆ ಇದು ಅರಿವಾಗುತ್ತದೆ.

ಬದಲಾವಣೆಯ ಗಾಳಿ ಬೀಸಿದ್ದು 20ನೆಯ ಶತಮಾನದ ಆರಂಭದಲ್ಲಿ. ಜಗದ್ಗುರು ಸಂತ ಹತ್ತನೆಯ ಪಿಯುಸರು ಗ್ರಾಮವೊಂದರಲ್ಲಿ ಸಹಾಯಕ ಗುರುವಾಗಿಯೂ ಧರ್ಮಕೇಂದ್ರದ ಗುರುವಾಗಿಯೂ ದುಡಿದವರು. ಜನರ ಮೌನ ಅವರನ್ನು ಬಾಧಿಸಿತ್ತು. ವಿಶ್ವಾಸಿಗಳು ಪವಿತ್ರ ರಹಸ್ಯಗಳಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂಬ ಮಾತು 1903ರಲ್ಲಿ ಸಂಗೀತವನ್ನು ಕುರಿತ ಅವರ ಪತ್ರದಲ್ಲಿ ಬಂತು. 1905ರಲ್ಲಿ ಮೇಲಿಂದ ಮೇಲೆ ಪ್ರಸಾದ ಸ್ವೀಕರಿಸಲು ಉತ್ತೇಜನ, 1910ರಲ್ಲಿ ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಪ್ರಥಮ ಪ್ರಸಾದ. ಬೆಲ್ಜಿಯಮಿನ ಲ್ಯಾಂಬರ್ಟ್ ಬೊದ್ವೆನ್ ಮಠ ಸೇರುವ ಮುನ್ನ ಕಾರ್ಮಿಕರ ನಡುವೆ ಸೇವೆ ಸಲ್ಲಿಸಿದ್ದ ಗುರು. ಪೂಜಾಗ್ರಂಥವನ್ನು ಅನುವಾದಿಸಿ ಜನರ ಕೈಗೆ ಕೊಡಬೇಕೆಂದು ಅವರು 1909ರಲ್ಲಿ ಮಲೀನ್ ನಗರದ ಸಮ್ಮೇಳನದಲ್ಲಿ ವಾದಿಸಿದರು. ಮೊದಲ ಮಹಾಯುದ್ಧದಲ್ಲಿ ಸೇನೆಯ ಗುರುವಾಗಿದ್ದ ಪಿಯುಸ್ ಪಾರ್ಶ್ ಸೈನಿಕರಿಗೆ ಪೂಜೆಯ ಅರ್ಥವೇ ತಿಳಿಯದೆಂಬುದನ್ನು ಕಂಡು ಮರುಗಿ, 1922ರಲ್ಲಿ ಆಸ್ಟ್ರಿಯದ ಕ್ಲೋಸ್ಟರ್‌ನೊಯ್‌ಬುರ್ಗಿನ ಪುಟ್ಟ ದೇವಾಲಯದಲ್ಲಿ ಜನರೊಡಗೂಡಿ ಅರ್ಪಿಸುವ ಪೂಜೆಯನ್ನು ಆರಂಭಿಸಿದರು. ಕಾರ್ಮಿಕರು, ಸೈನಿಕರು, ಮಕ್ಕಳು: ಪೂಜಾವಿಧಿಯ ನವೀಕರಣ ಗ್ರಂಥಾಲಯಗಳಲ್ಲಿ ಮಾತ್ರ ಹುಟ್ಟಿತೆನ್ನುವವರು ಇವರನ್ನು ನೆನೆಯಬೇಕು.

ಉಪವಾಸದ ನಿಯಮದ ಸಡಿಲಿಕೆಯೂ ಸಣ್ಣ ಸಂಗತಿಯಲ್ಲ. ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟದೆ ಪ್ರಸಾದ ಸ್ವೀಕರಿಸಬೇಕಾಗಿದ್ದುದರಿಂದ ಸಂಜೆಯ ಪೂಜೆಗೆ ಅವಕಾಶವೇ ಇರಲಿಲ್ಲ. ಹನ್ನೆರಡನೆಯ ಪಿಯುಸರು 1953 ಮತ್ತು 1957ರಲ್ಲಿ, ಆರನೆಯ ಪೌಲರು 1964ರಲ್ಲಿ ಅದನ್ನು ಸಡಿಲಿಸುತ್ತ ಒಂದು ಗಂಟೆಗೆ ಇಳಿಸಿದರು. ಪಾಳಿಯಲ್ಲಿ ದುಡಿಯುವವರಿಗೂ ದಾದಿಯರಿಗೂ ಭಾನುವಾರದ ಪೂಜೆ ಕೈಗೆಟುಕಿದ್ದು ಹೀಗೆ.

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪವಿತ್ರ ಪೂಜಾವಿಧಿಯನ್ನು ಕುರಿತ ಸಂವಿಧಾನವನ್ನು 2147 ಮತಗಳಿಂದ ಅಂಗೀಕರಿಸಿತು. ವಿರೋಧ ಕೇವಲ 4. ಸಂಪೂರ್ಣವಾದ, ಅರಿವಿನಿಂದ ಕೂಡಿದ, ಸಕ್ರಿಯವಾದ ಪಾಲ್ಗೊಳ್ಳುವಿಕೆ ವಿಶ್ವಾಸಿಗಳಿಗೆ ಯಾರೋ ಕೊಡುವ ರಿಯಾಯಿತಿಯಲ್ಲ, ಜ್ಞಾನಸ್ನಾನದಿಂದ ಬಂದ ಹಕ್ಕು ಮತ್ತು ಕರ್ತವ್ಯವೆಂದು ಅದು ಸಾರಿತು. 1965ರ ಮಾರ್ಚ್ 7ರಂದು ಆರನೆಯ ಪೌಲರು ರೋಮಿನ ಧರ್ಮಕೇಂದ್ರವೊಂದರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪೂಜೆ ಅರ್ಪಿಸಿದರು. ಹೊಸ ಪೂಜಾಗ್ರಂಥ 1969ರ ಆಗಮನ ಕಾಲದ ಮೊದಲ ಭಾನುವಾರ ಜಾರಿಗೆ ಬಂತು. ಅದರೊಡನೆ ಬಂದ ವಾಚನಗಳ ಮೂರು ವರ್ಷದ ಆವರ್ತನೆ ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ವರ. ಹಿಂದೆ ವರ್ಷವರ್ಷವೂ ಅವೇ ವಾಚನಗಳು. ಭಾನುವಾರಗಳಂದು ಹಳೆಯ ಒಡಂಬಡಿಕೆ ಕಿವಿಗೆ ಬೀಳುತ್ತಿದ್ದುದೇ ಅಪರೂಪ. ಈಗ ಮತ್ತಾಯ, ಮಾರ್ಕ, ಲೂಕ ಒಬ್ಬೊಬ್ಬರೊಡನೆ ಒಂದೊಂದು ವರ್ಷ ನಡೆಯುವ ಭಾಗ್ಯ ನಮ್ಮದು. ವಿಶ್ವಾಸಿಗಳ ಪ್ರಾರ್ಥನೆಯೂ ಮರಳಿ ತನ್ನ ಸ್ಥಾನಕ್ಕೆ ಬಂತು.

ಭಾರತದಲ್ಲಿ ಈ ನವೀಕರಣದ ಕೇಂದ್ರವಾದದ್ದು ಬೆಂಗಳೂರು. ಗುರು ಡಿ. ಎಸ್. ಅಮಲೋರ್‌ಪವದಾಸ್ ಅವರ ನಿರ್ದೇಶನದಲ್ಲಿ ರಾಷ್ಟ್ರೀಯ ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ 1967ರಲ್ಲಿ ಇಲ್ಲಿ ಸ್ಥಾಪನೆಯಾಯಿತು. 1969ರ ಏಪ್ರಿಲಿನಲ್ಲಿ ರೋಮ್ ಸಮ್ಮತಿಸಿದ ಹನ್ನೆರಡು ಅಂಶಗಳಿಂದ ಪಾದರಕ್ಷೆ ಕಳಚುವುದು, ಅಂಜಲೀಬದ್ಧರಾಗಿ ಬಾಗಿ ನಮಿಸುವುದು, ಆರತಿ, ಎಣ್ಣೆಯ ದೀಪ, ಊದುಬತ್ತಿ, ಹೂವು ಪೂಜೆಯೊಳಗೆ ಬಂದವು. ಕೆಲವರು ಇದನ್ನು ಸ್ವಾಗತಿಸಿದರು. ಕೆಲವರು, ಅನ್ಯರ ಆಚಾರವೆಂದು, ಕಹಿಯಾಗಿ ವಿರೋಧಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ವಿಭಾಗವನ್ನು ಮುನ್ನಡೆಸಿ, ಅಂಜಲಿ ಆಶ್ರಮವನ್ನು ಕಟ್ಟಿದ ಗುರುಗಳು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಬಯಸಿದ್ದು ಅಲಂಕಾರದ ಬದಲಾವಣೆಯನ್ನಲ್ಲ. ನಮ್ಮಲ್ಲಿ ಹಲವೆಡೆ ಆರತಿಯ ತಟ್ಟೆ ಹಬ್ಬದ ದಿನದ ನೃತ್ಯಕ್ಕೆ ಸೀಮಿತವಾದುದನ್ನು ಕಂಡಾಗ, ಹೊರಗಿನದು ಬಂದು ಒಳಗಿನದು ಬಾರದೆ ಉಳಿಯಿತೇ ಎಂಬ ಸಂಶಯ ನನಗೆ ಬರುತ್ತದೆ.

ಸಿದ್ಧತೆಯ ಪ್ರಶ್ನೆಗೆ ಹೊಸ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನವೇ ಉತ್ತರ ಕೊಟ್ಟಿದೆ. ಪ್ರತಿಯೊಂದು ಆಚರಣೆಯನ್ನೂ ಅದಕ್ಕೆ ಸಂಬಂಧಪಟ್ಟ ಎಲ್ಲರೂ ಸೇರಿ, ದೇವಾಲಯದ ಗುರುವಿನ ಮಾರ್ಗದರ್ಶನದಲ್ಲಿ ಮುಂಚಿತವಾಗಿ ಸಿದ್ಧಪಡಿಸಬೇಕು. ವಿಶ್ವಾಸಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯವನ್ನೂ ಕೇಳಬೇಕು. ಆಯ್ಕೆಯಿರುವ ಕಡೆಯಲ್ಲೆಲ್ಲ ಗುರು ತನ್ನ ರುಚಿಯನ್ನಲ್ಲ, ಸಭೆಯ ಆತ್ಮಹಿತವನ್ನು ನೋಡಬೇಕು. ಇದು ಸಲಹೆಯಲ್ಲ, ವಿಧಿ. ಪೂಜಾವಸ್ತ್ರದ ಬಣ್ಣದಲ್ಲಿ ಎಂದೂ ತಪ್ಪದ ನಾವು ಗುರುಗಳು ಈ ವಿಧಿಯನ್ನು ಮಾತ್ರ ಸುಲಭವಾಗಿ ಬದಿಗಿಡುತ್ತೇವೆ. ವಾರದ ನಡುವೆ ಒಂದು ಸಂಜೆ ಗುರು, ಇಬ್ಬರು ವಾಚಕರು, ಗಾನವೃಂದದ ಒಬ್ಬರು, ಆ ವಾರದ ವಾರ್ಡಿನ ಒಂದೆರಡು ಕುಟುಂಬಗಳು ಕುಳಿತು ಮುಂದಿನ ಭಾನುವಾರದ ಮೂರು ವಾಚನಗಳನ್ನು ಗಟ್ಟಿಯಾಗಿ ಓದಿದರೆ ಹಾಡು ತಾನಾಗಿ ಹೊಳೆಯುತ್ತದೆ, ಪ್ರಾರ್ಥನೆಯಲ್ಲಿ ಊರಿನ ಕಷ್ಟ ಬರುತ್ತದೆ, ಪ್ರಬೋಧನೆಗೂ ದಿಕ್ಕು ಸಿಗುತ್ತದೆ. ಮಳೆ ಬಾರದ ವರ್ಷ ಮಳೆಯ ಮಾತಿಲ್ಲದ ವಿಶ್ವಾಸಿಗಳ ಪ್ರಾರ್ಥನೆ ಯಾವ ವಿಶ್ವಾಸಿಗಳದು? ಕೀಬೋರ್ಡ್, ಡ್ರಮ್, ಗೋಡೆಯ ಮೇಲಿನ ಪರದೆ ಬೇಡವೆನ್ನುವವನು ನಾನಲ್ಲ. ಆದರೆ ಗಾನವೃಂದ ಹಾಡಿ ಸಭೆ ಕೇಳುವುದಾದರೆ ಹಿಂದಿನ ಮೌನಕ್ಕೂ ಇಂದಿನ ಮೌನಕ್ಕೂ ವ್ಯತ್ಯಾಸವೇನೆಂದು ಕೇಳಬೇಕಾಗುತ್ತದೆ. ಪ್ರಬೋಧನೆ ಎಂಟು ನಿಮಿಷ ಮೀರದಿರಲಿ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2024ರಲ್ಲಿ ಹೇಳಿದಾಗ ನಮ್ಮ ಜನ ಎಷ್ಟು ಸಂತೋಷಪಟ್ಟರೆಂದು ಬರೆಯಬೇಕಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ದೇವಾಲಯಗಳ ಬಾಗಿಲು ಮುಚ್ಚಿದಾಗ, ಖಾಲಿ ಪೀಠಗಳೆದುರು ಗುರುಗಳು ಪೂಜೆ ಅರ್ಪಿಸಿದರು, ಕುಟುಂಬಗಳು ಮೊಬೈಲಿನ ಪುಟ್ಟ ಪರದೆಯಲ್ಲಿ ನೋಡಿದವು. ಜೂನ್ 8ರಿಂದ ಆರಾಧನಾ ಸ್ಥಳಗಳನ್ನು ತೆರೆಯಲು ಕೇಂದ್ರ ಸರ್ಕಾರದ ಅನುಮತಿ ಸಿಕ್ಕಿತು. ಆದರೂ ಎಲ್ಲರೂ ಮರಳಲಿಲ್ಲ; ವೃದ್ಧರು, ರೋಗಿಗಳು, ಜೊತೆಗೆ ಮನೆಯ ಪೂಜೆಯೇ ಸಾಕೆಂದುಕೊಂಡ ಕೆಲವರು ಉಳಿದುಹೋದರು. ಧರ್ಮಸೇವಕರು ಬಾರದವರಿಗೆ ಪ್ರಸಾದ ಒಯ್ಯುತ್ತಿದ್ದರೆಂಬ ಜಸ್ಟಿನರ ಮಾತು ಆಗ ಹೊಸ ಅರ್ಥ ಪಡೆಯಿತು. 1973ರಿಂದಲೇ ಶ್ರೀಸಾಮಾನ್ಯರನ್ನು ಈ ಸೇವೆಗೆ ನೇಮಿಸಲು ಧರ್ಮಸಭೆಯ ಅನುಮತಿಯಿದೆ. ವಾಚಕ ಮತ್ತು ಪೀಠಸೇವಕ ಸೇವಾಪದಗಳನ್ನು 2021ರ ಜನವರಿಯಲ್ಲಿ ಮಹಿಳೆಯರಿಗೂ ತೆರೆಯಲಾಗಿದೆ. ಭಾನುವಾರದ ಪೂಜೆಯ ಕೊನೆಗೆ, ಅಂತಿಮ ಆಶೀರ್ವಾದಕ್ಕೆ ಮುನ್ನ, ಪುಟ್ಟ ಪ್ರಸಾದಪಾತ್ರೆಗಳನ್ನು ಹಿಡಿದು ಬಲಿಪೀಠದಿಂದ ನೇರವಾಗಿ ರೋಗಿಗಳ ಮನೆಗಳಿಗೆ ಹೊರಡುವ ಇಬ್ಬರು ಮೂವರನ್ನು ಈಗ ಹಲವು ಧರ್ಮಕೇಂದ್ರಗಳಲ್ಲಿ ಕಾಣಬಹುದು. ಹೋಗಬೇಕಾದ ಮನೆಗಳ ಪಟ್ಟಿ ಅವರ ಕೈಯಲ್ಲಿರುತ್ತದೆ.